ಇಂಟೀರಿಯರ್ ಆರ್ಕಿಟೆಕ್ಚರ್ ಅಂದರೆ ಸೋಫಾ, ಕರ್ಟನ್ ಆರಿಸೋದೇ ಅಲ್ವಾ?

ಪ್ರಶ್ನೆ: ಮಗಳು ಪಿಯುಸಿ ಮುಗಿಸಿದ್ದಾಳೆ. ಇಂಟೀರಿಯರ್ ಆರ್ಕಿಟೆಕ್ಚರ್ ಓದ್ತೀನಿ, ಹಳೇ ಕಟ್ಟಡಗಳನ್ನು ಕೆಡವದೆ ಹೊಸ ಕೆಲಸಕ್ಕೆ ಬಳಸೋದು ಹೇಗೆ ಅಂತ ಕಲೀತೀನಿ ಅಂತಿದ್ದಾಳೆ. ನಮಗೆ ಗೊತ್ತಿರುವ ಇಂಟೀರಿಯರ್ ಅಂದರೆ ಸೋಫಾ, ಕರ್ಟನ್, ಫಾಲ್ಸ್ ಸೀಲಿಂಗ್. ಅದಕ್ಕೆ ನಾಲ್ಕು ವರ್ಷ ಏನು ಓದೋದಿದೆ?

ಉತ್ತರ: ಸೋಫಾ ಬರುತ್ತದೆ. ತುಂಬಾ ತಡವಾಗಿ ಬರುತ್ತದೆ, ಅಷ್ಟೇ.

ಈ ಪ್ರಶ್ನೆಯನ್ನು ಒಬ್ಬರಲ್ಲ ಒಬ್ಬರು ಕೇಳುತ್ತಲೇ ಇರುತ್ತಾರೆ. ನನ್ನ ಅಪ್ಪನೂ ಕೇಳಿದ್ದರು. ಆಗ ನಾನು ಏನೋ ದೊಡ್ಡ ದೊಡ್ಡ ಮಾತು ಹೇಳಿ ತಪ್ಪಿಸಿಕೊಂಡಿದ್ದೆ. ನಿಜ ಹೇಳಬೇಕೆಂದರೆ ನನಗೂ ಗೊತ್ತಿರಲಿಲ್ಲ. ಗೊತ್ತಾಗಿದ್ದು ಮೊದಲ ವರ್ಷದ ಒಂದು ಶನಿವಾರ, ಬೆಂಗಳೂರಿನ ಬಳೇಪೇಟೆಯ ಒಂದು ಹಳೇ ಮನೆಯಲ್ಲಿ.

ನಮ್ಮನ್ನು ಇಬ್ಬಿಬ್ಬರನ್ನಾಗಿ ಮಾಡಿ, ಒಂದೊಂದು ಕೋಣೆ ಕೊಟ್ಟು, ಅಳತೆ ತೆಗೆದು ನಕ್ಷೆ ಬರೆಯಿರಿ ಅಂದಿದ್ದರು. ನಾವು ಟೇಪು ಹಿಡಿದೆವು. ಉದ್ದ 12 ಅಡಿ, ಅಗಲ 10 ಅಡಿ. ಅರ್ಧ ಗಂಟೆಯಲ್ಲಿ ನೀಟಾಗಿ ಒಂದು ಆಯತ ಬರೆದು, ಕಾಫಿಗೆ ಹೊರಟೆವು. ಮೇಡಂ ಹಾಳೆ ನೋಡಿ ಕೇಳಿದ್ದು ಒಂದೇ ಮಾತು: "ಮೂಲೆಯಿಂದ ಮೂಲೆಗೆ ಅಳೆದ್ರಾ?"

ಅಳೆದಿರಲಿಲ್ಲ. ವಾಪಸ್ ಹೋಗಿ ಅಳೆದರೆ, ಒಂದು ಕರ್ಣ ಇನ್ನೊಂದಕ್ಕಿಂತ 4 ಇಂಚು ಜಾಸ್ತಿ. ಅಂದರೆ ಕೋಣೆ ಆಯತವೇ ಅಲ್ಲ, ಒಂದು ಕಡೆಗೆ ಜಾರಿದೆ. ನಮ್ಮ ನಕ್ಷೆ ನಂಬಿ ಅಲ್ಲಿ ಟೈಲ್ಸ್ ಹಾಕಿದ್ದರೆ ಕೊನೆಯ ಸಾಲು ಒಂದು ತುದಿಯಲ್ಲಿ ಸರಿಯಾಗಿ ಕೂತು, ಇನ್ನೊಂದು ತುದಿಯಲ್ಲಿ ಸುಮಾರು 3 ಇಂಚಿನ ಸೀಳು ಬಿಡುತ್ತಿತ್ತು. ಸಂಜೆಯ ಹೊತ್ತಿಗೆ ಇನ್ನೊಂದು ವಿಷಯ ಸಿಕ್ಕಿತು. ಬಾಗಿಲ ಹತ್ತಿರ ಗೋಡೆಯ ದಪ್ಪ ಒಂದೂವರೆ ಅಡಿ. ಪಕ್ಕದ ಕೋಣೆಯವರ ಅಳತೆ ಜೊತೆ ಕೂಡಿಸಿ ನೋಡಿದರೆ ಹಿಂಬದಿಯಲ್ಲಿ ಅದೇ ಗೋಡೆ ಎರಡೂಕಾಲು ಅಡಿ ಬರುತ್ತಿತ್ತು. ತಟ್ಟಿದೆವು. ಟೊಳ್ಳು ಸದ್ದು. ಆ ಮನೆಯ ಅಜ್ಜಿ ಜಗಲಿಯಿಂದಲೇ ಕೂಗಿ ಹೇಳಿದರು: "ಅಲ್ಲೊಂದು ಬಾಗಿಲಿತ್ತು ಕಣ್ರೋ. ಅಣ್ಣತಮ್ಮಂದಿರು ಪಾಲಾದಾಗ ಮುಚ್ಚಿದ್ರು."

ಆ ಕೋರ್ಸ್ ಏನು ಅಂತ ಅಜ್ಜಿಯ ಆ ಮಾತು ಕೇಳಿದಾಗ ನನಗೆ ಹೊಳೆಯಿತು. ಹೊಸ ಮನೆ ಕಟ್ಟುವವರಿಗೆ ಸಿಗುವುದು ಖಾಲಿ ಸೈಟು. ಇಲ್ಲಿ ಸಿಗುವುದು ಆಗಲೇ ನಿಂತಿರುವ ಕಟ್ಟಡ. ಅದರೊಳಗೆ ಯಾರೋ ಬದುಕಿದ್ದಾರೆ, ಜಗಳ ಆಡಿದ್ದಾರೆ, ಬಾಗಿಲು ಮುಚ್ಚಿದ್ದಾರೆ. ಮೊದಲು ಅದನ್ನು ಓದಬೇಕು. ಬರೆಯುವುದು ಆಮೇಲೆ.

ಓದುವುದು ಅಂದರೆ ಸುಮ್ನೆ ಭಾವುಕರಾಗುವುದಲ್ಲ. ಯಾವ ಗೋಡೆ ಭಾರ ಹೊತ್ತಿದೆ, ಯಾವುದು ಬರೀ ಮರೆಗೆ ನಿಂತಿದೆ? ಬೆಂಗಳೂರು, ಮೈಸೂರಿನ ಹಳೇ ಬಂಗಲೆಗಳಲ್ಲಿ ಮದ್ರಾಸ್ ತಾರಸಿ ನೋಡಿರುತ್ತೀರಿ. ಮರದ ಜಂತೆ, ಅದರ ಮೇಲೆ ಅಂಚಿನ ಮೇಲೆ ನಿಲ್ಲಿಸಿದ ಸಣ್ಣ ಇಟ್ಟಿಗೆ, ನಡುವೆ ಸುಣ್ಣದ ಗಾರೆ, ಮೇಲೆ ಸುಣ್ಣ ಮತ್ತು ಇಟ್ಟಿಗೆ ಚೂರು ಸೇರಿಸಿ ಬಡಿದ ಪದರ. ನೂರು ವರ್ಷ ಆರಾಮಾಗಿ ನಿಲ್ಲುತ್ತದೆ. ಆದರೆ ಗೋಡೆಯೊಳಗೆ ಸೇರಿದ ಜಂತೆಯ ತುದಿ ಹೊರಗೆ ಕಾಣುವುದಿಲ್ಲ. ನೀರು ಇಳಿದರೆ, ಗೆದ್ದಲು ಹತ್ತಿದರೆ, ಹಾಳಾಗುವುದು ಮೊದಲು ಅಲ್ಲೇ. ಅಂಥ ತಾರಸಿ ಮೇಲೆ ಕೆಫೆಯವರು 1000 ಲೀಟರಿನ ನೀರಿನ ಟ್ಯಾಂಕ್ ತಂದು ಇಡುತ್ತಾರೆ. ತುಂಬಿದಾಗ ಅದು ಒಂದು ಟನ್. ಎಲ್ಲಿ ಇಡಬಹುದು, ಎಲ್ಲಿ ಇಡಲೇಬಾರದು ಅಂತ ಹೇಳಲು ಸ್ಟ್ರಕ್ಚರಲ್ ಇಂಜಿನಿಯರ್ ಬೇಕು. ಆದರೆ ಅವರನ್ನು ಸರಿಯಾದ ಸಮಯಕ್ಕೆ ಕರೆದು, ಸರಿಯಾದ ಪ್ರಶ್ನೆ ಕೇಳಲು ನಿಮ್ಮ ಮಗಳಿಗೆ ಗೊತ್ತಿರಬೇಕು.

ಇನ್ನು ಗಾರೆ. ಇದರ ಬಗ್ಗೆ ಸ್ವಲ್ಪ ಜಾಸ್ತಿಯೇ ಹೇಳುತ್ತೇನೆ, ಯಾಕೆಂದರೆ ನಾನೇ ಏಟು ತಿಂದಿದ್ದೇನೆ.

ಕೆಲಸಕ್ಕೆ ಸೇರಿದ ಹೊಸತು. ಒಂದು ಹಳೇ ಮನೆಯನ್ನು ಕ್ಲಿನಿಕ್ ಮಾಡುತ್ತಿದ್ದೆವು. ಗೋಡೆಯ ಬುಡದಲ್ಲಿ ಸುಣ್ಣದ ಗಾರೆ ಉದುರುತ್ತಿತ್ತು. ಮೇಸ್ತ್ರಿ, "ಸಿಮೆಂಟ್ ಹೊಡೆದುಬಿಡೋಣ, ಗಟ್ಟಿ ನಿಲ್ಲುತ್ತೆ" ಅಂದರು. ಓದಿದ್ದೆಲ್ಲ ಮರೆತು ನಾನೂ ಹ್ಞೂಂ ಅಂದೆ. ನೆಲದಿಂದ 3 ಅಡಿವರೆಗೆ ಸಿಮೆಂಟ್ ಗಾರೆ, ಮೇಲೆ ಹೊಳೆಯುವ ಪೇಂಟ್. ಎರಡು ಮಳೆಗಾಲ ಕಳೆಯಿತು. ಸಿಮೆಂಟ್ ಹಾಗೇ ಇತ್ತು. ಅದರ ಮೇಲಿನ ಗೋಡೆ, 4 ಅಡಿ ಎತ್ತರದಲ್ಲಿ, ಉಬ್ಬಿ, ಬಿಳಿ ಉಪ್ಪು ಹೂವಿನ ಹಾಗೆ ಅರಳಿ, ಪೇಂಟ್ ಹಪ್ಪಳದಂತೆ ಎದ್ದು ಬಂದಿತ್ತು.

ಆಗಿದ್ದು ಇಷ್ಟೇ. ಹಳೇ ಇಟ್ಟಿಗೆ ಗೋಡೆ ನೆಲದ ತೇವವನ್ನು ಬತ್ತಿಯ ಹಾಗೆ ಮೇಲಕ್ಕೆ ಎಳೆಯುತ್ತದೆ. ಸುಣ್ಣದ ಗಾರೆ ಆ ತೇವವನ್ನು ಆರಲು ಬಿಡುತ್ತದೆ. ಸಿಮೆಂಟ್ ಮತ್ತು ಹೊಳಪಿನ ಪೇಂಟ್ ಬಿಡುವುದಿಲ್ಲ. ದಾರಿ ಮುಚ್ಚಿದ ನೀರು ಇನ್ನೂ ಮೇಲೆ ಹತ್ತಿ, ಬಿಡುವು ಸಿಕ್ಕ ಕಡೆ ಹೊರಬರುತ್ತದೆ, ಬರುವಾಗ ಉಪ್ಪನ್ನೂ ಹೊತ್ತು ತರುತ್ತದೆ. ಕೊನೆಗೆ ಸಿಮೆಂಟ್ ಕೆತ್ತಿಸಿದೆವು. ಅದರ ಜೊತೆ ಇಟ್ಟಿಗೆಯ ಮುಖವೂ ಕಿತ್ತು ಬಂತು. ಸುಣ್ಣ ಅರೆದು, ಬೆಲ್ಲದ ನೀರು ಮತ್ತು ಅಳಲೆಕಾಯಿ ನೀರು ಬೆರೆಸಿ ಗಾರೆ ಮಾಡುವುದು ಗೊತ್ತಿದ್ದ ಒಬ್ಬ ಹಿರಿಯರನ್ನು ಹುಡುಕಿ ಕರೆತಂದು ಮತ್ತೆ ಮಾಡಿಸಿದೆವು. ಖರ್ಚು ಯಾರದು ಅಂತ ಕೇಳಬೇಡಿ.

ಒಂದು ಅಡ್ಡ ಮಾತು. ಈಚೆಗೆ ಹಳೇ ಮನೆ ಸಿಕ್ಕಿದ ತಕ್ಷಣ ಗಾರೆ ಕೆತ್ತಿ ಇಟ್ಟಿಗೆ ತೋರಿಸುವ ಫ್ಯಾಷನ್ ಬಂದಿದೆ. ನನಗೆ ಅದು ಇಷ್ಟವಿಲ್ಲ. ಆ ಮೆತ್ತನೆಯ ಇಟ್ಟಿಗೆಗಳನ್ನು ತೋರಿಸಲೆಂದು ಯಾರೂ ಇಟ್ಟಿರಲಿಲ್ಲ. ಗಾರೆ ಅವುಗಳ ಚರ್ಮ. ಮಳೆ ಬೀಳುವ ಕಡೆ ಕೆತ್ತಿದರೆ ಕೆಲವೇ ವರ್ಷಗಳಲ್ಲಿ ಪುಡಿ ಉದುರಲು ಶುರು.

ಕಟ್ಟಡ ಓದಿದ ಮೇಲೆ, ಏನು ಮಾಡಬೇಕು ಅನ್ನುವುದು. ಏನೂ ಮಾಡಬಾರದು ಅನ್ನುವುದೂ ಒಂದು ಉತ್ತರ ಆಗಬಹುದು. 1996ರಲ್ಲಿ ಫ್ರಾನ್ಸಿನ ಬೋರ್ಡೋ ನಗರದವರು ಲೇಯೋನ್ ಓಕೋಕ್ ಎಂಬ ಒಂದು ಸಣ್ಣ ಚೌಕವನ್ನು ಚೆಂದ ಮಾಡಿಕೊಡಿ ಅಂತ ಆನ್ ಲಕಾಟನ್ ಮತ್ತು ಜಾನ್-ಫಿಲಿಪ್ ವಸಾಲ್ ಎಂಬ ಆರ್ಕಿಟೆಕ್ಟ್ ಜೋಡಿಗೆ ಕೇಳಿದರು. ಇಬ್ಬರೂ ಅಲ್ಲಿಗೆ ಹೋದರು, ನೋಡಿದರು, ಅಲ್ಲಿನ ಜನರನ್ನು ಮಾತಾಡಿಸಿದರು. ಮರಗಳಿದ್ದವು, ಬೆಂಚುಗಳಿದ್ದವು, ಜನ ಆಟ ಆಡುತ್ತಿದ್ದರು. ಇದು ಆಗಲೇ ಚೆನ್ನಾಗಿದೆ ಅಂದರು. ಜಲ್ಲಿ ಬದಲಿಸಿ, ಆಗಾಗ ಗುಡಿಸಿ, ಮರ ನೋಡಿಕೊಳ್ಳಿ, ಅಷ್ಟೇ ಅಂತ ಬರೆದುಕೊಟ್ಟರು. ನಮ್ಮಲ್ಲಾಗಿದ್ದರೆ ಗ್ರಾನೈಟ್ ಹಾಸಿ, ಕಾರಂಜಿ ಇಟ್ಟು, ಫಲಕ ಹಾಕಿ ಉದ್ಘಾಟನೆ ಮಾಡುತ್ತಿದ್ದೆವು, ಅಲ್ವಾ?

ಅದೇ ಜೋಡಿ ಮುಂದೆ ಜೊತೆಗಾರರನ್ನು ಸೇರಿಸಿಕೊಂಡು ಅದೇ ಊರಿನ ಗ್ರಾಂ ಪಾರ್ಕ್ ಬಡಾವಣೆಯಲ್ಲಿ 1960ರ ದಶಕದ ಫ್ಲಾಟುಗಳನ್ನು ಕೈಗೆತ್ತಿಕೊಂಡಿತು. ಒಟ್ಟು 530 ಮನೆ. ಕೆಡವಲಿಲ್ಲ. ಹೊರಗೋಡೆಗೆ ತಾಗಿದ ಹಾಗೆ ಸುಮಾರು 3.8 ಮೀಟರ್ ಆಳದ, ಗಾಜಿನ ಬಾಗಿಲುಗಳ ಹೊಸ ಪಡಸಾಲೆಯಂಥ ಜಾಗ ಮತ್ತು ಬಾಲ್ಕನಿ ಸೇರಿಸಿದರು. ಮನೆ ದೊಡ್ಡದಾಯಿತು, ಬೆಳಕು ಬಂತು. ಕೆಲಸ ನಡೆಯುವಾಗ ಜನ ತಮ್ಮ ಮನೆಯಲ್ಲೇ ಇದ್ದರು. ಈ ಇಬ್ಬರಿಗೆ 2021ರಲ್ಲಿ ಪ್ರಿಟ್ಸ್ಕರ್ ಪ್ರಶಸ್ತಿ ಸಿಕ್ಕಿತು. ಕಟ್ಟಡ ಕಲೆಯಲ್ಲಿ ಅದಕ್ಕಿಂತ ದೊಡ್ಡ ಹೆಸರಿನ ಪ್ರಶಸ್ತಿ ಇಲ್ಲ.

ಇನ್ನೊಂದು ದಾರಿ, ಕಟ್ಟಡದ ಕೆಲಸವನ್ನೇ ಬದಲಿಸುವುದು. ಲಂಡನ್ನಿನ ಟೇಟ್ ಮಾಡರ್ನ್ ಕಲಾ ಸಂಗ್ರಹಾಲಯ ಮೊದಲು ಥೇಮ್ಸ್ ದಂಡೆಯ ವಿದ್ಯುತ್ ಸ್ಥಾವರ. ಅದನ್ನು ರೂಪಿಸಿದ ಗೈಲ್ಸ್ ಗಿಲ್ಬರ್ಟ್ ಸ್ಕಾಟ್ ಅವರೇ ಬ್ರಿಟನ್ನಿನ ಕೆಂಪು ಫೋನ್ ಬೂತನ್ನೂ ರೂಪಿಸಿದವರು. 1981ರಲ್ಲಿ ಸ್ಥಾವರ ಮುಚ್ಚಿತು. 99 ಮೀಟರ್ ಚಿಮಣಿಯ ಆ ಇಟ್ಟಿಗೆ ರಾಶಿಯನ್ನು ಸ್ವಿಸ್ ಆರ್ಕಿಟೆಕ್ಟ್‌ಗಳಾದ ಹೆರ್ತ್ಸೋಗ್ ಮತ್ತು ಡಿ ಮ್ಯುರೋನ್ ಸಂಗ್ರಹಾಲಯ ಮಾಡಿದರು. 2000ದಲ್ಲಿ ಬಾಗಿಲು ತೆರೆಯಿತು. ಅವರು ಮಾಡಿದ ಜಾಣತನ ಅಂದರೆ, ಟರ್ಬೈನ್ ಇದ್ದ ಭಾರೀ ಹಜಾರವನ್ನು ಕೋಣೆಗಳಾಗಿ ತುಂಡು ಮಾಡಲಿಲ್ಲ. ಖಾಲಿ ಬಿಟ್ಟರು. ಯಂತ್ರಕ್ಕೆ ಎಷ್ಟು ಜಾಗ ಬೇಕಿತ್ತು ಅನ್ನುವುದು ಒಳಗೆ ಕಾಲಿಟ್ಟವರ ಮೈಗೇ ತಿಳಿಯುತ್ತದೆ. ನೆಲದಡಿ ಇದ್ದ ದುಂಡನೆಯ ಎಣ್ಣೆ ತೊಟ್ಟಿಗಳನ್ನೂ ಬಿಡದೆ 2012ರಲ್ಲಿ ಪ್ರದರ್ಶನದ ಜಾಗ ಮಾಡಿಕೊಂಡರು.

ಅಷ್ಟು ದೂರ ಯಾಕೆ? ಮಗಳನ್ನು ಒಂದು ಮಧ್ಯಾಹ್ನ ಬೆಂಗಳೂರಿನ ಫ್ರೀಡಂ ಪಾರ್ಕಿಗೆ ಕರೆದುಕೊಂಡು ಹೋಗಿ. ಅದು ಹಳೇ ಸೆಂಟ್ರಲ್ ಜೈಲು. ತುರ್ತು ಪರಿಸ್ಥಿತಿಯಲ್ಲಿ ವಾಜಪೇಯಿ, ಅಡ್ವಾಣಿ ಅಲ್ಲಿ ಬಂದಿಗಳಾಗಿದ್ದರು. ಜೈಲು ಪರಪ್ಪನ ಅಗ್ರಹಾರಕ್ಕೆ ಹೋದ ಮೇಲೆ ಜಾಗ ಉದ್ಯಾನವಾಗಿ 2008ರಲ್ಲಿ ತೆರೆಯಿತು. ನಡುವಿನ ಕಾವಲು ಗೋಪುರ ಉಳಿದಿದೆ, ಬ್ಯಾರಕ್‌ಗಳಲ್ಲಿ ಕೆಲವು ಉಳಿದಿವೆ. ಗೋಪುರದ ಹತ್ತಿರ ನಿಂತು ಸುತ್ತ ನೋಡಿದರೆ ಒಬ್ಬನೇ ಕಾವಲುಗಾರ ಎಲ್ಲ ಕಡೆ ಹೇಗೆ ಕಣ್ಣಿಡುತ್ತಿದ್ದ ಅಂತ ಪುಸ್ತಕ ಇಲ್ಲದೆ ಅರ್ಥ ಆಗುತ್ತದೆ. ಈಗ ಬೆಂಗಳೂರಿನ ಧರಣಿ, ಪ್ರತಿಭಟನೆಗಳು ನಡೆಯುವುದು ಅಲ್ಲೇ. ಮಾತಾಡಿದವರನ್ನು ಕೂಡಿಹಾಕಿದ್ದ ಜಾಗದಲ್ಲಿ ಜನ ಮೈಕ್ ಹಿಡಿದು ಮಾತಾಡುತ್ತಾರೆ. ಹೊಸ ಕಟ್ಟಡಕ್ಕೆ ಎಷ್ಟು ದುಡ್ಡು ಸುರಿದರೂ ಈ ಅರ್ಥ ಬರುವುದಿಲ್ಲ.

ಹಾಗಂತ ಹಳೆಯದೆಲ್ಲ ಉಳಿಯಲೇಬೇಕು ಅಂತ ನಾನು ಹೇಳುವುದಿಲ್ಲ. ಮೈಸೂರಿನ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ 2012ರಲ್ಲಿ ಕುಸಿದು ನಾಲ್ವರು ತೀರಿಕೊಂಡರು. ಹಳೇ ಕಟ್ಟಡವನ್ನು ಕೆಡವುವುದೂ ಇಲ್ಲ, ನೋಡಿಕೊಳ್ಳುವುದೂ ಇಲ್ಲ ಅನ್ನುವುದು ಎಲ್ಲಕ್ಕಿಂತ ಅಪಾಯ. ಬಳಕೆ ಬದಲಾದಾಗಲೂ ಅಪಾಯ ಬದಲಾಗುತ್ತದೆ. ಆರು ಜನರ ಮನೆ ಅರವತ್ತು ಜನರ ಹೋಟೆಲ್ ಆದರೆ, ಒಂದೇ ಮರದ ಮೆಟ್ಟಿಲು, ಒಳಕ್ಕೆ ತೆರೆಯುವ ಒಂದೇ ಬಾಗಿಲು ಸಾಲದು. ಬೆಂಕಿ ಬಿದ್ದರೆ ಜನ ಯಾವ ಕಡೆ ಓಡುತ್ತಾರೆ ಅನ್ನುವುದನ್ನು ಸೋಫಾ ಎಲ್ಲಿಡಬೇಕು ಅನ್ನುವುದಕ್ಕಿಂತ ಮೊದಲು ಬರೆಯಬೇಕು.

ಇನ್ನು ನೀವು ಕೇಳದೆ ಇದ್ದರೂ ಮನಸ್ಸಿನಲ್ಲಿರುವ ವಿಷಯ, ಸೀಟು ಮತ್ತು ಕೆಲಸ. ನಮ್ಮ ದೇಶದಲ್ಲಿ 1972ರ ಆರ್ಕಿಟೆಕ್ಟ್ಸ್ ಕಾಯ್ದೆ ಪ್ರಕಾರ ಕೌನ್ಸಿಲ್ ಆಫ್ ಆರ್ಕಿಟೆಕ್ಚರ್‌ನಲ್ಲಿ ನೋಂದಣಿ ಆದವರು ಮಾತ್ರ ತಮ್ಮನ್ನು ಆರ್ಕಿಟೆಕ್ಟ್ ಅಂತ ಕರೆದುಕೊಳ್ಳಬಹುದು. ಅದಕ್ಕೆ ಐದು ವರ್ಷದ ಆರ್ಕಿಟೆಕ್ಚರ್ ಪದವಿ, ಅಂದರೆ ಬಿ.ಆರ್ಕ್ ಬೇಕು, ಪಿಯುಸಿಯಲ್ಲಿ ಗಣಿತ ಇರಬೇಕು. ಕೋರ್ಸಿನ ಹೆಸರಲ್ಲಿ ಆರ್ಕಿಟೆಕ್ಚರ್ ಅನ್ನುವ ಪದ ಇದ್ದ ಮಾತ್ರಕ್ಕೆ ಆ ಹಕ್ಕು ಬರುವುದಿಲ್ಲ. ಇದನ್ನು ಫೀಸು ಕಟ್ಟುವ ಮೊದಲೇ ಮಗಳಿಗೆ ಹೇಳಿ. ಇಂಟೀರಿಯರ್ ಕಡೆಯ ನಾಲ್ಕು ವರ್ಷದ ಡಿಸೈನ್ ಪದವಿ, ಅಂದರೆ ಬಿ.ಡಿಸ್, ಅದರ ದಾರಿ ಬೇರೆ. ಅದರ ಪ್ರವೇಶಕ್ಕಿರುವ ಯುಸೀಡ್, ಎನ್‌ಐಡಿ ಪರೀಕ್ಷೆಗಳನ್ನು ಯಾವ ವಿಭಾಗದಲ್ಲಿ ಪಿಯುಸಿ ಮಾಡಿದವರೂ ಬರೆಯಬಹುದು. ಅಹಮದಾಬಾದಿನ ವಿಶ್ವವಿದ್ಯಾಲಯ ಸೆಪ್ಟ್‌ನಲ್ಲಿ 1991ರಿಂದ ಇಂಟೀರಿಯರ್ ಡಿಸೈನ್ ಕಲಿಸುತ್ತಿದ್ದಾರೆ. ಅಲ್ಲಿಗೆ ಬೇರೆ ಪ್ರವೇಶ ಕ್ರಮ ಇದೆ.

ನನ್ನನ್ನು ಕೇಳಿದರೆ, ಮುಂದೊಂದು ದಿನ ತಾನೇ ಸಹಿ ಹಾಕಿ ಕಟ್ಟಡ ಕಟ್ಟಬೇಕು ಅನ್ನುವ ಆಸೆ ಇದ್ದರೆ ಮೊದಲು ಬಿ.ಆರ್ಕ್ ಮಾಡಿ, ಆಮೇಲೆ ಈ ಕಡೆ ಬರಲಿ. ಆ ಆಸೆ ಇಲ್ಲದಿದ್ದರೆ ನೇರ ಬರಬಹುದು. ಆಫೀಸು, ಆಸ್ಪತ್ರೆ, ಮ್ಯೂಸಿಯಂ, ಹೋಟೆಲ್, ಪ್ರದರ್ಶನಗಳ ಒಳಾಂಗಣ, ಎಲ್ಲ ಕಡೆ ಕೆಲಸ ಇದೆ. ಹಳೇ ಕಟ್ಟಡದ ಕೆಲಸ ಮಾತ್ರ ಮಾಡ್ತೀನಿ ಅಂತ ಹಟ ಹಿಡಿದರೆ ಮೊದಲ ಕೆಲವು ವರ್ಷ ಜೇಬು ಬಿಗಿ.

ಹಳೇ ಕಟ್ಟಡಗಳ ಮರುಬಳಕೆಯನ್ನೇ ಮುಖ್ಯ ಮಾಡಿಕೊಂಡ ಮಾಸ್ಟರ್ಸ್ ಕೋರ್ಸುಗಳು ಹೊರದೇಶಗಳಲ್ಲಿವೆ. ಅಮೆರಿಕದ ರೋಡ್ ಐಲೆಂಡ್ ಸ್ಕೂಲ್ ಆಫ್ ಡಿಸೈನ್ ಒಂದು, ಬೆಲ್ಜಿಯಂನ ಹಾಸೆಲ್ಟ್ ವಿಶ್ವವಿದ್ಯಾಲಯ ಇನ್ನೊಂದು. ರೋಡ್ ಐಲೆಂಡಿನವರ ಲೈಬ್ರರಿ 2006ರಿಂದ ಇರುವುದು ಹಳೇ ಬ್ಯಾಂಕೊಂದರ ಹಜಾರದಲ್ಲಿ. ಮೊದಲು ಜನ ಹಣ ಕಟ್ಟಲು ಬರುತ್ತಿದ್ದ ಕಡೆ ಈಗ ಮಕ್ಕಳು ಓದುತ್ತಾ ಕೂರುತ್ತಾರೆ.

ಇಲ್ಲಿ ಕಾಲೇಜು ನೋಡಲು ಹೋದಾಗ ಗೋಡೆಗೆ ಅಂಟಿಸಿದ ಬಣ್ಣದ ಕಂಪ್ಯೂಟರ್ ಚಿತ್ರಗಳನ್ನು ನೋಡಿ ಮರುಳಾಗಬೇಡಿ. ಎರಡನೇ ವರ್ಷದ ಮಕ್ಕಳು ಈಗ ಯಾವ ನಿಜವಾದ ಕಟ್ಟಡದಲ್ಲಿ ಕೆಲಸ ಮಾಡ್ತಿದ್ದಾರೆ ಅಂತ ಕೇಳಿ. ಮರಗೆಲಸದ ವರ್ಕ್‌ಶಾಪ್ ತೋರಿಸಿ ಅನ್ನಿ. ಅದಕ್ಕೆ ಬೀಗ ಹಾಕಿ ಧೂಳು ಹಿಡಿದಿದ್ದರೆ ಮುಂದಿನ ಕಾಲೇಜಿಗೆ ಹೋಗಿ.

ಅಷ್ಟರಲ್ಲಿ ಮಗಳು ನಿಮ್ಮ ಮನೆಯನ್ನೇ, ಇಲ್ಲ ಊರಲ್ಲಿ ಅಜ್ಜಿ ಮನೆ ಇದ್ದರೆ ಅದನ್ನು, ಅಳೆದು ಬರೆಯಲಿ. ಕರ್ಣಗಳನ್ನೂ ಅಳೆಯಲಿ. ತಪ್ಪಾದಾಗ ಹಾಳೆ ಹರಿದು ಬಿಸಾಡಬಾರದು, ಪ್ರವೇಶದ ಸಂದರ್ಶನಕ್ಕೆ ಹೊಡೆದುಹಾಕಿ ತಿದ್ದಿದ ಆ ಹಾಳೆಯೇ ಒಳ್ಳೆಯದು. ಟೇಪು ಮಾತ್ರ ಸ್ಟೀಲಿನದೇ ಕೊಡಿಸಿ. ದರ್ಜಿಯ ಟೇಪು ಎಳೆದಷ್ಟೂ ಹಿಗ್ಗುತ್ತದೆ, ಅಜ್ಜಿ ಮನೆ ಕಾಗದದ ಮೇಲೆ ಚಿಕ್ಕದಾಗಿಬಿಡುತ್ತದೆ.