ಫೇಲ್ ಆದವರನ್ನು ಬಿಡಿ, ಒಳಗೆ ಬಂದವರು ಯಾರು ನೋಡಿ

ನಮ್ಮ ಕಡೆ ಆಡಿಟರ್ ಆಫೀಸು, ಸಣ್ಣ ಕಂಪನಿಗಳಲ್ಲಿ ಸಾಮಾನ್ಯವಾಗಿ ಟ್ಯಾಲಿ ಇರುವ ಕಂಪ್ಯೂಟರ್ ಒಂದೇ. ಮಿಕ್ಕವರೆಲ್ಲ ರಿಮೋಟ್ ಡೆಸ್ಕ್‌ಟಾಪ್‌ನಲ್ಲಿ, ಅಂದರೆ ತಮ್ಮ ಕಂಪ್ಯೂಟರ್‌ನಿಂದಲೇ ನೆಟ್‌ವರ್ಕ್ ಮೂಲಕ, ಅದಕ್ಕೇ ಬರುತ್ತಾರೆ. ಮನೆಯಿಂದಲೂ ಕೆಲಸ ಆಗಲಿ ಅಂತ ಯಾರೋ ರೂಟರ್‌ನಲ್ಲಿ 3389 ಪೋರ್ಟ್ (ರಿಮೋಟ್ ಡೆಸ್ಕ್‌ಟಾಪ್ ಬರುವ ಬಾಗಿಲು) ತೆರೆದಿಟ್ಟಿರುತ್ತಾರೆ, ಆಮೇಲೆ ಅದನ್ನು ಮರೆತೂ ಬಿಟ್ಟಿರುತ್ತಾರೆ. "ನಾವು ಪೋರ್ಟ್ ನಂಬರ್ ಬದಲಾಯಿಸಿದ್ದೀವಿ ಸಾರ್" ಅನ್ನೋರೂ ಇದ್ದಾರೆ. ಹಗಲೂ ರಾತ್ರಿ ಪೋರ್ಟ್ ಹುಡುಕುವ ಬಾಟ್‌ಗಳಿಗೆ ಇದು ದೊಡ್ಡ ವಿಷಯವೇ ಅಲ್ಲ. ಪೋರ್ಟ್ ಮುಚ್ಚಿ, ವಿಪಿಎನ್ (ಹೊರಗಿನಿಂದ ಆಫೀಸಿನ ನೆಟ್‌ವರ್ಕ್‌ಗೆ ಬರುವ ಸುರಕ್ಷಿತ ದಾರಿ) ಹಾಕಿ. ಈ ವಿಷಯದಲ್ಲಿ ನನ್ನ ಹತ್ತಿರ ಚರ್ಚೆ ಇಲ್ಲ.

ಈಗ ಲಾಗ್ ವಿಷಯಕ್ಕೆ, ಅಂದರೆ ಯಾರು ಯಾವಾಗ ಬಂದರು ಅಂತ ವಿಂಡೋಸ್ ಬರೆದಿಡುವ ದಾಖಲೆಗೆ, ಬರೋಣ. ಅದನ್ನು ತೋರಿಸುವ ಈವೆಂಟ್ ವ್ಯೂವರ್ ತೆರೆದವರೆಲ್ಲ ಮೊದಲು ನೋಡೋದು 4625 ನಂಬರಿನ ದಾಖಲೆ, ಅಂದರೆ ಫೇಲ್ ಆದ ಲಾಗಿನ್. ಪೋರ್ಟ್ ತೆರೆದಿದ್ದರೆ ಅದು ಸಾವಿರಗಟ್ಟಲೆ ಇರುತ್ತದೆ, ನೋಡಿ ಗಾಬರಿಯಾಗುತ್ತಾರೆ. ನಾನು ಮೊದಲು ನೋಡೋದು 4624, ಯಾರ ಪಾಸ್‌ವರ್ಡ್ ಸರಿಹೋಯಿತು ಅನ್ನೋದು. ಅದರಲ್ಲಿ ಲಾಗಾನ್ ಟೈಪ್ (ಯಾವ ರೀತಿ ಬಂದರು ಅಂತ ಹೇಳುವ ಸಂಖ್ಯೆ) 10 ಇದ್ದರೆ ರಿಮೋಟ್ ಡೆಸ್ಕ್‌ಟಾಪ್ ಅಂತ ಅರ್ಥ. ಆದರೆ ಫೇಲ್ ಆದವುಗಳಲ್ಲೂ ಟೈಪ್ 10 ಅಂತಲೇ ಹುಡುಕಿ "ಏನೂ ಇಲ್ಲ" ಅಂತ ಸಮಾಧಾನ ಪಡಬೇಡಿ. ಎನ್‌ಎಲ್‌ಎ (ಸ್ಕ್ರೀನ್ ತೆರೆಯುವ ಮೊದಲೇ ಪಾಸ್‌ವರ್ಡ್ ಕೇಳುವ ವ್ಯವಸ್ಥೆ) ಆನ್ ಇದ್ದರೆ ಆ ಪ್ರಯತ್ನಗಳು ಟೈಪ್ 3, ಅಂದರೆ ನೆಟ್‌ವರ್ಕ್ ಲಾಗಿನ್, ಅಂತ ದಾಖಲಾಗುತ್ತವೆ.

ಇನ್ನೊಂದು ತೊಡಕಿದೆ. ನಮ್ಮ ಜನ ಸೈನ್ ಔಟ್ ಮಾಡೋದೇ ಇಲ್ಲ, ಮೇಲಿನ ಇಂಟು ಒತ್ತಿ ಎದ್ದು ಹೋಗುತ್ತಾರೆ. ಸೆಷನ್ ಒಳಗೆ ಹಾಗೇ ಇರುತ್ತದೆ, ಮಾರನೇ ದಿನ ಅದಕ್ಕೇ ಮತ್ತೆ ಕನೆಕ್ಟ್ ಆಗುತ್ತಾರೆ, ಆಗ ಟೈಪ್ 10 ಬದಲು ಬಹಳ ಸಲ ಟೈಪ್ 7 (ಲಾಕ್ ತೆರೆದದ್ದು) ಬರುತ್ತದೆ. ಅದಕ್ಕೇ ನನಗೆ ಜಾಸ್ತಿ ಇಷ್ಟ ಟರ್ಮಿನಲ್ ಸರ್ವಿಸಸ್ ಲೋಕಲ್ ಸೆಷನ್ ಮ್ಯಾನೇಜರ್ ಲಾಗ್. 21 ಅಂದರೆ ಲಾಗಿನ್, 24 ಡಿಸ್ಕನೆಕ್ಟ್, 25 ಮತ್ತೆ ಕನೆಕ್ಟ್. ಬಳಕೆದಾರರ ಹೆಸರು, ಐಪಿ ಅಡ್ರೆಸ್ ಎರಡೂ ಅಲ್ಲೇ ಇರುತ್ತವೆ. ವಿಪಿಎನ್ ಹಾಕಿದ ಮೇಲೆ ಕಾಣೋದು ವಿಪಿಎನ್ ಕೊಟ್ಟ ಐಪಿ ಮಾತ್ರ, ಹಾಗಾಗಿ ವಿಪಿಎನ್‌ನ ಲಾಗನ್ನೂ ಇದರ ಪಕ್ಕ ಇಟ್ಟು ನೋಡಬೇಕು.

4624, 4625 ಬರುವ ಸೆಕ್ಯುರಿಟಿ ಲಾಗ್‌ನ ಗಾತ್ರ ಡಿಫಾಲ್ಟ್ ಆಗಿ ಬರೀ 20 ಎಂಬಿ. ದಾಳಿ ಜೋರಾಗಿದ್ದರೆ ಬೇಗ ತುಂಬಿ, ಹಳೆಯದು ಅಳಿಸಿಹೋಗುತ್ತದೆ. ಒಳಗೆ ಬಂದವನು ತಾನೇ ಲಾಗ್ ಅಳಿಸಿಯೂ ಹೋಗಬಹುದು, ಆಗ 1102 ಅನ್ನೋ ಒಂದು ದಾಖಲೆ ಉಳಿಯುತ್ತದೆ, ಅಷ್ಟೇ. ಗಾತ್ರ ಹೆಚ್ಚಿಸಿ, ಒಂದು ಪ್ರತಿ ಬೇರೆ ಕಂಪ್ಯೂಟರ್‌ಗೆ ಹೋಗುವ ಹಾಗೆ ಮಾಡಿ. ವಿಂಡೋಸ್‌ನಲ್ಲೇ ಇರುವ ಈವೆಂಟ್ ಫಾರ್ವರ್ಡಿಂಗ್ ಸಾಕು, ದುಡ್ಡು ಕೊಡಬೇಕಿಲ್ಲ. ಸರ್ಟ್-ಇನ್ (ಸೈಬರ್ ದಾಳಿಗಳನ್ನು ನೋಡಿಕೊಳ್ಳುವ ಕೇಂದ್ರ ಸರ್ಕಾರದ ಸಂಸ್ಥೆ) 2022ರ ಏಪ್ರಿಲ್‌ನಲ್ಲಿ ಹೊರಡಿಸಿದ ನಿರ್ದೇಶನದಂತೆ ಕಂಪನಿಗಳೂ 180 ದಿನದ ಲಾಗ್ ಇಟ್ಟಿರಬೇಕು, ಸೈಬರ್ ದಾಳಿಯಾದರೆ ಗೊತ್ತಾದ 6 ಗಂಟೆಯೊಳಗೆ ಆ ಸಂಸ್ಥೆಗೆ ತಿಳಿಸಬೇಕು. ಎಷ್ಟೋ ಆಫೀಸುಗಳಿಗೆ ಇದು ಗೊತ್ತೇ ಇಲ್ಲ.

ಇಷ್ಟೆಲ್ಲಾ ಮಾಡಿದರೂ ದೂರದಿಂದ ಕಂಪ್ಯೂಟರ್ ನಡೆಸುವ ಎನಿಡೆಸ್ಕ್, ಟೀಮ್‌ವ್ಯೂವರ್‌ನಂಥ ಸಾಫ್ಟ್‌ವೇರ್ ಈ ರಿಮೋಟ್ ಡೆಸ್ಕ್‌ಟಾಪ್ ದಾಖಲೆಗಳಲ್ಲಿ ಕಾಣೋದಿಲ್ಲ. ಅವು ಒಳಗಿನಿಂದ ಹೊರಗೆ ಕನೆಕ್ಷನ್ ಮಾಡಿಕೊಳ್ಳುತ್ತವೆ, ರೂಟರ್‌ನಲ್ಲಿ ಪೋರ್ಟ್ ಮುಚ್ಚಿದ್ದೀರೋ ಇಲ್ಲವೋ ಅವಕ್ಕೆ ಸಂಬಂಧವಿಲ್ಲ. ಪ್ರಿಂಟರ್ ಸರಿಮಾಡಲು ಬಂದವರು ಹಾಕಿರುತ್ತಾರೆ, ಯಾವಾಗ ಬೇಕಾದರೂ ಬರಲು ಪಾಸ್‌ವರ್ಡ್ ಕೂಡ ಇಟ್ಟಿರುತ್ತಾರೆ, ಆ ಮನುಷ್ಯ ಕೆಲಸ ಬಿಟ್ಟರೂ ಪಾಸ್‌ವರ್ಡ್ ಅದೇ. ಎನಿಡೆಸ್ಕ್ ಇನ್‌ಸ್ಟಾಲ್ ಆಗಿದ್ದರೆ ಪ್ರೋಗ್ರಾಮ್‌ಡೇಟಾ ಫೋಲ್ಡರ್‌ನಲ್ಲಿ ಅದರದ್ದೇ ಕನೆಕ್ಷನ್ ಟ್ರೇಸ್ ಫೈಲ್ ಇರುತ್ತದೆ, ನೋಟ್‌ಪ್ಯಾಡ್‌ನಲ್ಲೇ ಓದಬಹುದು. ಬೇಡವಾದರೆ ತೆಗೆದುಹಾಕಿ.

ಕೆಲವು ಮಾಲೀಕರು ಇನ್ನೂ ಮುಂದೆ ಹೋಗಿ, ಸ್ಟಾಫ್ ಸ್ಕ್ರೀನ್ ಸುಮ್ನೆ ಕೂತಲ್ಲೇ ನೋಡಬಹುದಾ ಅಂತ ಕೇಳುತ್ತಾರೆ. ವಿಂಡೋಸ್‌ನಲ್ಲಿ ಶ್ಯಾಡೋ ಅನ್ನೋ ಸೌಲಭ್ಯ ಇದೆ, ಆದರೆ ಡಿಫಾಲ್ಟ್ ಆಗಿ ಎದುರಿನವರ ಒಪ್ಪಿಗೆ ಕೇಳುತ್ತದೆ. ಆ ಪ್ರಶ್ನೆಯೇ ಬರದ ಹಾಗೆ ಸೆಟ್ಟಿಂಗ್ ಮಾಡಿಕೊಡಿ ಅಂದರೆ ನಾನು ಮಾಡೋದಿಲ್ಲ. ಯಾರು, ಎಲ್ಲಿಂದ, ಎಷ್ಟು ಹೊತ್ತಿಗೆ ಬಂದರು ಅನ್ನೋದು ಲಾಗ್‌ನಲ್ಲಿದೆ. ಅದನ್ನು ಬರೆದಿಡುತ್ತೀವಿ ಅಂತ ಸ್ಟಾಫ್‌ಗೂ ಮೊದಲೇ ಹೇಳಿಬಿಡಿ.