ಸಣ್ಣ ರೈತರಿಗೆ ಡಿಜಿಟಲ್ ತಂತ್ರಜ್ಞಾನ: ಮಾಹಿತಿ ಎಲ್ಲಿ ಫಲ ಕೊಡುತ್ತದೆ, ಎಲ್ಲಿ ಕೊಡುವುದಿಲ್ಲ

ಮೊದಲು ಯಾರ ಬಗ್ಗೆ ಓದುತ್ತಿದ್ದೇವೆ ಎಂಬುದು ಗೊತ್ತಿರಲಿ. ಜಗತ್ತಿನಲ್ಲಿ ಸುಮಾರು 60 ಕೋಟಿ ಕೃಷಿ ಹಿಡುವಳಿಗಳಿವೆ ಎಂದು ಅಂದಾಜು. ಅವುಗಳಲ್ಲಿ ಶೇ. 84ರಷ್ಟು 2 ಹೆಕ್ಟೇರ್‌ಗಿಂತ ಚಿಕ್ಕವು. ಒಟ್ಟು ಕೃಷಿಭೂಮಿಯಲ್ಲಿ ಇವುಗಳ ಪಾಲು ಶೇ. 12ರ ಆಸುಪಾಸು, ಆದರೂ ಜಗತ್ತಿನ ಆಹಾರದ ಸುಮಾರು ಮೂರನೇ ಒಂದು ಭಾಗ ಬೆಳೆಯುವುದು ಇಲ್ಲೇ.

ಪರೀಕ್ಷೆಯಲ್ಲಿ ಈ ವಿಷಯದ ಮೇಲೆ ಪ್ರಶ್ನೆ ಬಂದರೆ ಹೆಚ್ಚಿನವರು ಆ್ಯಪ್, ಡ್ರೋನ್, ಸೆನ್ಸರ್ ಎಂದು ಪಟ್ಟಿ ಬರೆದು ಮುಗಿಸುತ್ತಾರೆ. ಪಟ್ಟಿ ಬಾಯಿಪಾಠ ಮಾಡುವ ಮೊದಲು ಒಂದು ಪ್ರಶ್ನೆ ಕೇಳಿಕೊಳ್ಳಿ: ವಿಷಯ ತಿಳಿದ ಮೇಲೆ ಆ ರೈತ ಅಥವಾ ರೈತ ಮಹಿಳೆ ಏನು ಮಾಡಲು ಸಾಧ್ಯ? ಇಡೀ ಅಧ್ಯಾಯದ ಕೀಲಿ ಇದೇ ಎಂಬುದು ನನ್ನ ಅಭಿಪ್ರಾಯ. ಎರಡು ಅಧ್ಯಯನಗಳನ್ನು ಅಕ್ಕಪಕ್ಕ ಇಟ್ಟರೆ ಅದು ಚೆನ್ನಾಗಿ ಕಾಣುತ್ತದೆ.

ಮೊದಲನೆಯದು ಅರ್ಥಶಾಸ್ತ್ರಜ್ಞ ರಾಬರ್ಟ್ ಜೆನ್ಸನ್ 2007ರಲ್ಲಿ ಪ್ರಕಟಿಸಿದ್ದು. ಇದು ಮೀನುಗಾರರ ಕಥೆಯಾದರೂ ಕೃಷಿ ಮಾರುಕಟ್ಟೆಯ ಚರ್ಚೆಯಲ್ಲಿ ಎಲ್ಲರೂ ಉಲ್ಲೇಖಿಸುವಂಥದ್ದು. 1997ರಿಂದ 2001ರ ನಡುವೆ ಉತ್ತರ ಕೇರಳದ ಕರಾವಳಿಗೆ ಮೊಬೈಲ್ ಹಂತಹಂತವಾಗಿ ಬಂತು. ಅದಕ್ಕೂ ಮುಂಚೆ ಒಂದು ದಡದಲ್ಲಿ ಕೊಳ್ಳುವವರಿಲ್ಲದೆ ಬೂತಾಯಿ ಮೀನು ಸಮುದ್ರದ ಪಾಲಾಗುತ್ತಿತ್ತು, ಅದೇ ಹೊತ್ತಿಗೆ ಸ್ವಲ್ಪ ದೂರದ ಇನ್ನೊಂದು ದಡದಲ್ಲಿ ಕೊಳ್ಳಲು ಬಂದವರು ಬರಿಗೈಯಲ್ಲಿ ಮರಳುತ್ತಿದ್ದರು. ಫೋನ್ ಬಂದ ಮೇಲೆ ಮೀನುಗಾರರು ದೋಣಿಯಿಂದಲೇ ಬೆಲೆ ವಿಚಾರಿಸಿ, ಎಲ್ಲಿ ಬೇಡಿಕೆಯಿದೆಯೋ ಅಲ್ಲಿಗೆ ದೋಣಿ ತಿರುಗಿಸಿದರು. ಮೀನು ವ್ಯರ್ಥವಾಗುವುದು ಹೆಚ್ಚುಕಡಿಮೆ ನಿಂತೇಹೋಯಿತು. ಮೀನುಗಾರರ ಲಾಭ ಸರಾಸರಿ ಶೇ. 8ರಷ್ಟು ಏರಿತು, ಗ್ರಾಹಕರಿಗೆ ಬೆಲೆ ಶೇ. 4ರಷ್ಟು ಇಳಿಯಿತು.

ಎರಡನೆಯದು ಫಾಫ್‌ಶಾಂ ಮತ್ತು ಮಿಂಟನ್ 2012ರಲ್ಲಿ ಪ್ರಕಟಿಸಿದ್ದು. ಮಹಾರಾಷ್ಟ್ರದ 100 ಹಳ್ಳಿಗಳನ್ನು ಆಯ್ದು, ಕೆಲವು ಕಡೆಯ ರೈತರಿಗೆ ಬೆಲೆ, ಹವಾಮಾನ, ಬೆಳೆ ಸಲಹೆಯ ಎಸ್ಸೆಮ್ಮೆಸ್ ಸೇವೆಯನ್ನು ಒಂದು ವರ್ಷ ಉಚಿತವಾಗಿ ಕೊಡಿಸಿದರು. ರೈತರಿಗೆ ಸಿಕ್ಕ ಬೆಲೆಯಲ್ಲಿ ಗಣನೀಯ ವ್ಯತ್ಯಾಸ ಕಾಣಲಿಲ್ಲ.

ಎರಡೂ ಕಡೆ ಮಾಹಿತಿ ತಲುಪಿತ್ತು. ಹಾಗಾದರೆ ಫಲ ಯಾಕೆ ಬೇರೆ? ನಾನು ಅರ್ಥ ಮಾಡಿಕೊಂಡದ್ದು ಹೀಗೆ. ಮೀನುಗಾರ ಬೆಲೆ ಕೇಳುವ ಹೊತ್ತಿಗೆ ಸರಕು ದೋಣಿಯಲ್ಲೇ ಇದೆ, ದಡ ಇನ್ನೂ ದೂರ, ಎಲ್ಲಿ ಮಾರಬೇಕೆಂಬ ತೀರ್ಮಾನ ಅವನ ಕೈಯಲ್ಲಿದೆ. ಸಣ್ಣ ರೈತನ ವಿಷಯ ಹಾಗಲ್ಲ. ನಾಲ್ಕೈದು ಮೂಟೆಗಾಗಿ ದೂರದ ಮಾರುಕಟ್ಟೆಗೆ ಗಾಡಿ ಬಾಡಿಗೆ ಕೊಟ್ಟರೆ ಬೆಲೆಯ ಹೆಚ್ಚಳ ಬಾಡಿಗೆಗೇ ಹೋಗುತ್ತದೆ. ಬಿತ್ತನೆಗೆ ಸಾಲ ಕೊಟ್ಟ ವ್ಯಾಪಾರಿಗೇ ಫಸಲು ಕೊಡಬೇಕಾಗಿದ್ದರೆ ಬೇರೆ ಊರಿನ ದರ ಗೊತ್ತಿದ್ದೂ ಏನು ಮಾಡಲಾದೀತು? ಸಾಗಣೆ, ಗೋದಾಮು, ಸಾಲ ಈ ಮೂರರ ಪೈಕಿ ಯಾವುದು ಕಟ್ಟಿಹಾಕಿದ್ದರೂ ಮೊಬೈಲ್‌ನ ಬೆಲೆ ಸುದ್ದಿ ಓದಿ ಸುಮ್ಮನಾಗುವುದಷ್ಟೇ. ನೈಜರ್ ದೇಶದ ಧಾನ್ಯ ಮಾರುಕಟ್ಟೆಗಳ ಬಗ್ಗೆ ಜೆನ್ನಿ ಆಕರ್ 2010ರಲ್ಲಿ ಬರೆದದ್ದನ್ನೂ ಇಲ್ಲಿ ಸೇರಿಸಿಕೊಳ್ಳಿ. ಮೊಬೈಲ್ ಬಂದ ಮೇಲೆ ಮಾರುಕಟ್ಟೆಗಳ ನಡುವಿನ ಬೆಲೆ ಅಂತರ ಶೇ. 10ರಿಂದ 16ರಷ್ಟು ತಗ್ಗಿತು. ಆದರೆ ಫೋನ್ ಹಿಡಿದು ಹೆಚ್ಚು ಮಾರುಕಟ್ಟೆಗಳಲ್ಲಿ ವಿಚಾರಿಸತೊಡಗಿದವರು ಧಾನ್ಯದ ವ್ಯಾಪಾರಿಗಳು.

ಬೇಸಾಯದ ಸಲಹೆಯ ವಿಷಯಕ್ಕೆ ಬಂದರೆ ಫಲಿತಾಂಶ ಇನ್ನಷ್ಟು ಆಶಾದಾಯಕ. ಫ್ಯಾಬ್ರೆಗಾಸ್, ಕ್ರೆಮರ್, ಶಿಲ್ಬಾಕ್ 2019ರಲ್ಲಿ ಹಲವು ಪ್ರಯೋಗಗಳನ್ನು ಒಟ್ಟುಗೂಡಿಸಿ ನೋಡಿದಾಗ, ಡಿಜಿಟಲ್ ಸಲಹೆಯಿಂದ ಇಳುವರಿ ಸುಮಾರು ಶೇ. 4ರಷ್ಟು ಏರಿದ್ದು ಕಂಡಿತು. 4 ಎಂದರೆ ಅಲ್ಪ ಅನ್ನಿಸಬಹುದು. ಆದರೆ ಒಬ್ಬ ರೈತನಿಗೆ ಸಂದೇಶ ಕಳಿಸುವ ಖರ್ಚು ಅದಕ್ಕಿಂತ ಎಷ್ಟೋ ಅಲ್ಪ, ಲೆಕ್ಕ ಗೆಲ್ಲುವುದು ಅಲ್ಲಿ. ಸಲಹೆ ಅಕ್ಷರದಲ್ಲಿ ಬರುವುದಕ್ಕಿಂತ ಧ್ವನಿಯಲ್ಲಿ ಬಂದರೆ ಓದಲು ಬಾರದವರಿಗೂ ದಕ್ಕುತ್ತದೆ. ಇಥಿಯೋಪಿಯಾ 2014ರಲ್ಲಿ ಶುರುಮಾಡಿದ 8028 ಸಹಾಯವಾಣಿ ರೆಕಾರ್ಡ್ ಮಾಡಿದ ಧ್ವನಿಯನ್ನೇ ನೆಚ್ಚಿಕೊಂಡಿದೆ. ಮನೆಯ ಒಂದೇ ಫೋನು ಗಂಡಸಿನ ಜೇಬಿನಲ್ಲಿದ್ದು, ಕಳೆ ತೆಗೆಯುವವಳು ಹೊಲದಲ್ಲಿದ್ದರೆ ಅದೂ ತಲುಪುವುದಿಲ್ಲ ಎಂಬುದನ್ನು ಉತ್ತರದಲ್ಲಿ ಖಂಡಿತ ಬರೆಯಿರಿ.

ಉಪಗ್ರಹದ ಭಾಗವನ್ನು ಒಂದು ಲೆಕ್ಕದ ಮೂಲಕ ಕಲಿಯುವುದು ಒಳ್ಳೆಯದು. ಯುರೋಪಿನ ಸೆಂಟಿನೆಲ್-2 ಉಪಗ್ರಹಗಳ ಚಿತ್ರ ಎಲ್ಲರಿಗೂ ಉಚಿತ. ಅದರ ಅತಿ ಸೂಕ್ಷ್ಮ ಪಿಕ್ಸೆಲ್, ಅಂದರೆ ಚಿತ್ರದ ಒಂದು ಚುಕ್ಕಿ, ನೆಲದ ಮೇಲೆ 10 ಮೀಟರ್ ಉದ್ದ, 10 ಮೀಟರ್ ಅಗಲ. 50 ಮೀಟರ್ ಚೌಕದ, ಅಂದರೆ ಕಾಲು ಹೆಕ್ಟೇರ್ ಹೊಲ ತೆಗೆದುಕೊಳ್ಳಿ. ಪಿಕ್ಸೆಲ್‌ಗಳು ಬದುವಿಗೆ ಸರಿಯಾಗಿ ಹೊಂದಿಕೊಂಡರೆ ಒಟ್ಟು 25. ಅಂಚಿನ 16ರಲ್ಲಿ ಬದುವಿನ ಮರ, ಹುಲ್ಲು, ಪಕ್ಕದವರ ಬೆಳೆಯ ಛಾಯೆ ಸೇರಿಕೊಳ್ಳುವ ಸಂಭವ ಹೆಚ್ಚು. ನಂಬಬಹುದಾದದ್ದು ಒಳಗಿನ 9. ಅದೇ ಹೊಲದಲ್ಲಿ ಅಕ್ಕಡಿ ಸಾಲು ಹಾಕಿದ್ದರೆ ಆ 9ರಲ್ಲೂ ಎರಡು ಬೆಳೆ ಬೆರೆತಿರುತ್ತವೆ. ಮೇಲಾಗಿ ಮಳೆಗಾಲದಲ್ಲಿ, ಬೆಳೆಯನ್ನು ಹೆಚ್ಚು ಗಮನಿಸಬೇಕಾದ ದಿನಗಳಲ್ಲೇ, ಮೋಡ ಅಡ್ಡ ಬರುತ್ತದೆ. ನೂರು ಹೆಕ್ಟೇರ್ ಜಮೀನಿಗೆ ಈ ಯಾವುದೂ ದೊಡ್ಡ ತೊಡಕಲ್ಲ. ಒಂದೇ ಚಿತ್ರ ದೊಡ್ಡ ಹಿಡುವಳಿಗೆ ಹೆಚ್ಚು ಹೇಳುತ್ತದೆ, ಚಿಕ್ಕದಕ್ಕೆ ಕಡಿಮೆ.

ಸೂಚ್ಯಂಕ ಆಧಾರಿತ ವಿಮೆಯ ತೊಡಕೂ ಇದರ ನೆಂಟನೇ. ಇಲ್ಲಿ ಪರಿಹಾರ ತೀರ್ಮಾನವಾಗುವುದು ಹೊಲದ ನಷ್ಟ ನೋಡಿ ಅಲ್ಲ, ಮಳೆಯಂಥ ಒಂದು ಅಳತೆ ನೋಡಿ. ಮಳೆಮಾಪಕ ಇರುವಲ್ಲಿ ಮಳೆ ಬಿದ್ದು, ರೈತನ ಹೊಲದಲ್ಲಿ ಬೀಳದಿದ್ದರೆ ಬೆಳೆ ಒಣಗಿದರೂ ಪರಿಹಾರ ಬರುವುದಿಲ್ಲ. ಹಣ ಪಾವತಿ ಮಾತ್ರ ನಿಜಕ್ಕೂ ಸಲೀಸಾಗಿದೆ. ಕೀನ್ಯಾದಲ್ಲಿ 2007ರಲ್ಲಿ ಎಂ-ಪೆಸಾ ಎಂಬ ಮೊಬೈಲ್ ಹಣದ ಸೇವೆ ಬಂದ ಮೇಲೆ ಬ್ಯಾಂಕ್ ಖಾತೆ ಇಲ್ಲದವರಿಗೂ ಫೋನಿನಲ್ಲೇ ದುಡ್ಡು ಸಂದಾಯವಾಗತೊಡಗಿತು.

ಕೊನೆಯದಾಗಿ ರೈತರ ನೋಂದಣಿ. ಎಷ್ಟೇ ಒಳ್ಳೆಯ ವ್ಯವಸ್ಥೆಯಾದರೂ ಪಟ್ಟಿಯಲ್ಲಿ ಹೆಸರಿದ್ದವರನ್ನೇ ತಲುಪುತ್ತದೆ. ಕೇಂದ್ರ ಸರ್ಕಾರದ ಪಿಎಂ-ಕಿಸಾನ್ ಯೋಜನೆಯ ನೆರವು ಜಮೀನು ಹೆಸರಿನಲ್ಲಿರುವ ಕುಟುಂಬಗಳಿಗೆ ಮೀಸಲು, ಬೇರೆಯವರ ಜಮೀನನ್ನು ಗೇಣಿಗೆ ಉಳುವವರು ಅದರ ಹೊರಗೆ. ಹೆಚ್ಚುಕಡಿಮೆ ಅದೇ ಕಾಲದಲ್ಲಿ ಒಡಿಶಾ ತಂದ ಕಾಲಿಯಾ ಯೋಜನೆ ಪಾಲುಬೇಸಾಯಗಾರರನ್ನೂ ಭೂಹೀನ ಕೃಷಿ ಕುಟುಂಬಗಳನ್ನೂ ಒಳಗೆ ತೆಗೆದುಕೊಂಡಿತು. ಎರಡರಲ್ಲೂ ಹಣ ನೇರವಾಗಿ ಬ್ಯಾಂಕ್ ಖಾತೆಗೇ ಹೋಗುತ್ತಿತ್ತು. ಯಾರ ಖಾತೆಗೆ ಎಂಬುದನ್ನು ತೀರ್ಮಾನಿಸಿದ್ದು ಅರ್ಹತೆಯ ನಿಯಮ.