ಮೂಕಿ ಕಾಮಿಡಿ ಯಾಕೆ ಅಷ್ಟು ಜೋರಾಗಿ ಓಡುತ್ತೆ: ನನ್ನ 0.75ರ ಲೆಕ್ಕ

ಈ ವಾರ ನೋಡಿದ್ದು ಚಾರ್ಲಿ ಬವರ್ಸ್‌ನ ‘ಎಗ್ಡ್ ಆನ್’. 1926ರ ಅಮೆರಿಕದ ಮೂಕಿ ಚಿತ್ರ, ಎರಡು ರೀಲಿನದು. ಚಾಪ್ಲಿನ್, ಕೀಟನ್ ಎಲ್ಲರಿಗೂ ಗೊತ್ತು. ಬವರ್ಸ್‌ನನ್ನು ಜನ ಪೂರ್ತಿ ಮರೆತಿದ್ದರು. ಫ್ರಾನ್ಸಿನಲ್ಲಿ ಅವನ ಹೆಸರು ಬ್ರಿಕೋಲೋ. ಟುಲೂಸ್‌ನ ರೇಮಂಡ್ ಬೋರ್ಡ್ ಎಂಬ ಸಂಗ್ರಹಕಾರರು ಆ ಹೆಸರಿನ ಹಳೆಯ ಫಿಲ್ಮ್ ಡಬ್ಬಿಗಳ ಬೆನ್ನು ಹತ್ತಿದ್ದರಿಂದ ಅವನ ಚಿತ್ರಗಳು ಮತ್ತೆ ಬೆಳಕಿಗೆ ಬಂದವು.

ಕಥೆ ಇಷ್ಟೇ. ಮೊಟ್ಟೆ ಒಡೆಯದಂತೆ ಮಾಡುವ ಯಂತ್ರ ಕಟ್ಟಲು ಒಬ್ಬ ಹೊರಡುತ್ತಾನೆ. ಮೊಟ್ಟೆಗಳನ್ನು ಕಾರಿನ ಬಾನೆಟ್ ಒಳಗೆ ಇಡುತ್ತಾನೆ. ಎಂಜಿನ್ ಕಾವಿಗೆ ಮೊಟ್ಟೆ ಬಿರಿದು ಪುಟಾಣಿ ಫೋರ್ಡ್ ಕಾರುಗಳು ಹೊರಬರುತ್ತವೆ!

ಈಗ ನಾನು ಎಡವಿದ ಜಾಗ. ಆಗಿನ ಕ್ಯಾಮೆರಾಗಳನ್ನು ಹೆಚ್ಚಾಗಿ ಕೈಯಲ್ಲೇ ತಿರುಗಿಸುತ್ತಿದ್ದರು. ಕಾಮಿಡಿಯವರು ಬೇಕಂತಲೇ ನಿಧಾನ ತಿರುಗಿಸುತ್ತಿದ್ದರು, ತೆರೆಯ ಮೇಲೆ ಓಟ ಜೋರಾಗಲಿ ಅಂತ. ನಿಧಾನ ತಿರುಗಿಸಿದರೆ ನಿಧಾನವಾಗಿ ಕಾಣಬೇಕಲ್ವಾ? ಎರಡು ದಿನ ತಲೆ ಕೆಡಿಸಿಕೊಂಡೆ. ಕೊನೆಗೆ ಬಿಡಿಸಿದ್ದು ಚಕ್ಕುಲಿ ಡಬ್ಬಿ.

ಅಮ್ಮ ದಿನಕ್ಕೆ 18 ಚಕ್ಕುಲಿ ಮಾಡಿ ಡಬ್ಬಿಗೆ ತುಂಬುತ್ತಾಳೆ ಅಂದುಕೊಳ್ಳಿ. ನಾಲ್ಕು ದಿನಕ್ಕೆ 72. ನಾವು ದಿನಕ್ಕೆ 24 ತಿಂದರೆ ಮೂರೇ ದಿನಕ್ಕೆ ಡಬ್ಬಿ ಖಾಲಿ. ಚಕ್ಕುಲಿ ಅಂದರೆ ಫ್ರೇಮ್ (ರೀಲಿನ ಒಂದೊಂದು ಬಿಡಿ ಚಿತ್ರ), ದಿನ ಅಂದರೆ ಸೆಕೆಂಡು. ಸೆಕೆಂಡಿಗೆ 18ರಂತೆ ತೆಗೆದ ನಾಲ್ಕು ಸೆಕೆಂಡಿನ ಓಟ, 24ರಂತೆ ತೋರಿಸಿದಾಗ ಮೂರೇ ಸೆಕೆಂಡಿಗೆ ಮುಗಿಯುತ್ತದೆ. ತುಂಬುವವರು ನಿಧಾನ, ತಿನ್ನುವವರು ಜೋರು. ಅಷ್ಟೇ.

ನನ್ನ ಅಡ್ಡದಾರಿ ಹುಟ್ಟಿದ್ದು ಇಲ್ಲಿಂದಲೇ. 24ರ ಮುಕ್ಕಾಲು ಪಾಲು 18. ಯೂಟ್ಯೂಬಿನಲ್ಲಿ ವೇಗ 0.75ಕ್ಕೆ ಇಳಿಸಿ, ಸೌಂಡ್ ಮ್ಯೂಟ್ ಮಾಡಿ. 18ರಲ್ಲಿ ತೆಗೆದ ಶಾಟ್ ಆದರೆ ನಡಿಗೆ ಮಾಮೂಲಿಗೆ ಬರುತ್ತದೆ. ಒಂದು ಎಚ್ಚರಿಕೆ: ಕೆಲವು ಪ್ರತಿಗಳಲ್ಲಿ ಮೊದಲೇ ಫ್ರೇಮ್ ಸೇರಿಸಿ ಎಳೆದಿರುತ್ತಾರೆ. ವಿಡಿಯೋ ನಿಲ್ಲಿಸಿ, ಕೀಬೋರ್ಡಿನ ಚುಕ್ಕಿ ಕೀ ಒತ್ತುತ್ತಾ ಒಂದೊಂದೇ ಫ್ರೇಮ್ ಮುಂದೆ ಹೋಗಿ. ನಾಲ್ಕರಲ್ಲಿ ಒಂದು ಚಿತ್ರ ಅಲ್ಲಾಡದೆ ಮತ್ತೆ ಬಂದರೆ ಅದನ್ನು ಆಗಲೇ ಎಳೆದಿದ್ದಾರೆ ಅಂತ. 0.75 ಬೇಡ.

ಇನ್ನೊಂದು ಪರೀಕ್ಷೆ ನನಗೆ ಜಾಸ್ತಿ ಇಷ್ಟ. ನಟ ಬೇಗ ಓಡಬಹುದು, ಬೀಳುವ ತಟ್ಟೆ ಸುಳ್ಳು ಹೇಳಲ್ಲ. ಮುಕ್ಕಾಲು ಮೀಟರ್ ಎತ್ತರದ ಮೇಜಿನಿಂದ ನೆಲ ಮುಟ್ಟಲು ಅದಕ್ಕೆ ಸುಮಾರು 0.39 ಸೆಕೆಂಡು ಬೇಕು. 24ರಲ್ಲಿ ತೆಗೆದಿದ್ದರೆ ಸುಮಾರು 9 ಫ್ರೇಮ್, 18ರಲ್ಲಿ 7, 16ರಲ್ಲಿ 6. ಎಣಿಸಿ ನೋಡಿ, ಕ್ಯಾಮೆರಾದವನ ಕೈ ಎಷ್ಟು ಸೋಮಾರಿ ಅಂತ ಗೊತ್ತಾಗುತ್ತದೆ. ವಿಡಿಯೋ 24 ಫ್ರೇಮಿನದೇ ಅಂತ ಮೊದಲು ನೋಡಿಕೊಳ್ಳಿ.

ಆದರೆ ಮೊದಲ ಸಲ ನೋಡುವಾಗ ಇದೆಲ್ಲ ಬೇಡ. 1926ರ ಹೊತ್ತಿಗೆ ಥಿಯೇಟರಿನಲ್ಲೂ ತೆಗೆದದ್ದಕ್ಕಿಂತ ಜೋರಾಗಿ ಓಡಿಸುವುದು ಸಾಮಾನ್ಯವಾಗಿತ್ತು. ಆ ಅವಸರವೂ ಜೋಕಿನ ಭಾಗ. ನಾನು ಸುಮ್ನೆ ‘ಸರಿಪಡಿಸಿ’ ನೋಡಿದೆ, ನಗುವೇ ಬರಲಿಲ್ಲ.

ಕಾರು ಮರಿಗಳ ಶಾಟ್ ಮಾತ್ರ ಬೇರೆ ಜಾತಿ. ಬವರ್ಸ್ ಕಾರ್ಟೂನ್ ಕೆಲಸದಿಂದ ಬಂದವನು. ಇಲ್ಲಿ ವಸ್ತುವನ್ನು ಕೂದಲೆಳೆಯಷ್ಟು ಸರಿಸಿ, ಕೈ ತೆಗೆದು, ಒಂದು ಫ್ರೇಮ್. ಮತ್ತೆ ಸರಿಸಿ, ಇನ್ನೊಂದು. ಚುಕ್ಕಿ ಕೀ ಒತ್ತಿದರೆ ಇದನ್ನು ಪತ್ತೆ ಮಾಡಬಹುದು. ಮನುಷ್ಯ ಬೀಸಿದ ಕೈ ಫ್ರೇಮಿನಲ್ಲಿ ಮಸುಕಾಗಿರುತ್ತದೆ. ಹೀಗೆ ನಿಲ್ಲಿಸಿ ತೆಗೆದ ವಸ್ತು ಮಸುಕಾಗಲ್ಲ. ಇಲ್ಲಿ ಬೀಳುವ ಲೆಕ್ಕ ಹಾಕಲು ಹೋಗಬೇಡಿ. ನಾನು ಹೋಗಿ ಅರ್ಧ ಗಂಟೆ ಕಳೆದುಕೊಂಡೆ.